ಅಂಗವೈಕಲ್ಯ: ಬದುಕಿನ ಗುಣಮಟ್ಟ ಮತ್ತು ಹಕ್ಕುಗಳ ಅಳತೆ

ಅಂಗವೈಕಲ್ಯವಿರುವವರ ಬದುಕು ಹೇಗಿದೆ, ಕಾನೂನು ಕೊಟ್ಟ ಹಕ್ಕುಗಳಲ್ಲಿ ಎಷ್ಟು ಅವರ ಕೈಗೆ ನಿಜವಾಗಿ ಸಿಕ್ಕಿವೆ ಎಂದು ತಿಳಿಯಲು ಹಲವು ಅಳತೆಗಳು ಬಳಕೆಯಲ್ಲಿವೆ. ದೇಹದ ಅಥವಾ ಮನಸ್ಸಿನ ಕೊರತೆಯನ್ನು ವೈದ್ಯರು ಅಳೆಯುತ್ತಾರೆ. ಬದುಕು ಹೇಗೆನಿಸುತ್ತದೆ ಎಂದು ಸಂಶೋಧಕರು ಅವರನ್ನೇ ಕೇಳುತ್ತಾರೆ. ಶಾಲೆ, ಬಸ್ಸು, ಕಚೇರಿ, ಮತಗಟ್ಟೆ ಅವರಿಗೆ ತೆರೆದಿವೆಯೇ ಎಂದು ಹಕ್ಕುಗಳ ಪರವಾಗಿ ದುಡಿಯುವವರು ನೋಡುತ್ತಾರೆ. ಈ ಮೂರರ ಉತ್ತರಗಳು ಒಂದಕ್ಕೊಂದು ಹೊಂದಿಕೆಯಾಗುವುದು ಅಪರೂಪ. ಆದರೂ ಕರ್ನಾಟಕದಲ್ಲಿ ಸರ್ಕಾರದ ಸವಲತ್ತುಗಳು ಬಹುಮಟ್ಟಿಗೆ ಮೊದಲನೆಯ ಅಳತೆಗೇ ಕಟ್ಟುಬಿದ್ದಿವೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಜಿಲ್ಲಾ ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆದು ಬಂದವರನ್ನು ಪರಿಚಯದವರು ಕೇಳುವ ಮೊದಲ ಮಾತು ‘ಎಷ್ಟು ಪರ್ಸೆಂಟ್ ಬಂತು?’ ಎಂಬುದೇ. ಕೇಳುವುದಕ್ಕೆ ಕಾರಣವಿದೆ. ಶೇ 40 ಮುಟ್ಟಿದರೆ ಮೀಸಲಾತಿ, ಬಸ್ ಪಾಸ್, ಮಾಸಾಶನಗಳ ಬಾಗಿಲು ತೆರೆಯುತ್ತದೆ. 39ಕ್ಕೆ ನಿಂತರೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಕೇಂದ್ರ ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನ ಬಣ್ಣ ಕೂಡ ಇದೇ ಲೆಕ್ಕದ ಮೇಲೆ ನಿಂತಿದೆ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ರಾಜ್ಯದ ಮಾಸಾಶನ ಶೇ 75ರ ಗೆರೆಯಲ್ಲಿ ಎರಡಾಗುತ್ತದೆ. ಕೆಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಮೇಲಿನವರಿಗೆ 1,400 ರೂಪಾಯಿ.

ಶೇಕಡಾ ಲೆಕ್ಕ ಬಂದ ದಾರಿ

ಕೈಕಾಲಿಗೆ ಶೇಕಡಾ ಕಟ್ಟುವ ರೂಢಿ ಭಾರತದ ಕಾನೂನಿಗೆ ಬಂದದ್ದು ಕಾರ್ಖಾನೆಯ ದಾರಿಯಿಂದ. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ (ಈಗಿನ ವಿಐಎಸ್‌ಎಲ್) ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಬ್ರಿಟಿಷ್ ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದೂ ಅದೇ ವರ್ಷ. ಮೈಸೂರು ಸಂಸ್ಥಾನಕ್ಕೆ ಅದು ನೇರವಾಗಿ ಅನ್ವಯಿಸುತ್ತಿರಲಿಲ್ಲ. ಸ್ವಾತಂತ್ರ್ಯದ ನಂತರ ಮಾತ್ರ ಕುಲುಮೆಯ ಮುಂದೆ ಬೆರಳು ಕಳೆದುಕೊಂಡ ಭದ್ರಾವತಿಯ ಕಾರ್ಮಿಕನ ಲೆಕ್ಕವೂ ಆ ಕಾಯ್ದೆಯ ಪಟ್ಟಿಯಲ್ಲೇ ಬಂತು. ಪಟ್ಟಿ ಹೀಗಿತ್ತು: ಹೆಬ್ಬೆರಳು ಹೋದರೆ ಶೇ 30ರಷ್ಟು ಗಳಿಕೆ ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಬಿಡಿಬಿಡಿಯಾಗಿ ಕೂಡಿದರೆ 40 ಬರುತ್ತದೆ. ಆದರೆ ಒಂದೇ ಕೈಯ ನಾಲ್ಕೂ ಬೆರಳು ಹೋದರೆ ಅದೇ ಪಟ್ಟಿ 50 ಎನ್ನುತ್ತದೆ. ಬೆರಳುಗಳ ಮೊತ್ತಕ್ಕಿಂತ ಹಿಡಿತ ದೊಡ್ಡದು ಎಂಬುದು ಪಟ್ಟಿ ಬರೆದವರಿಗೂ ಗೊತ್ತಿತ್ತು.

ಅದೇ ವಿವೇಕವನ್ನು ನ್ಯಾಯಾಲಯ ಇನ್ನಷ್ಟು ಮುಂದಕ್ಕೆ ಒಯ್ದಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಸುಪ್ರೀಂ ಕೋರ್ಟಿನಲ್ಲಿ 2010ರ ಅಕ್ಟೋಬರ್‌ನಲ್ಲಿ ಬರೆದ ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ತೀರ್ಪು ರಸ್ತೆ ಅಪಘಾತದ ಪರಿಹಾರದ ಬಗ್ಗೆ. ಅದರಲ್ಲಿ ಒಂದು ಉದಾಹರಣೆ ಬರುತ್ತದೆ. ಎಡಗೈ ಕತ್ತರಿಸಿ ಹೋದವರಿಗೆ ವೈದ್ಯರು ಸುಮಾರು ಶೇ 60 ವೈಕಲ್ಯ ಎಂದು ಬರೆಯಬಹುದು. ಆತ ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಲೂಬಹುದು. ವೈದ್ಯರ ಶೇಕಡಾವನ್ನೇ ಗಳಿಕೆಯ ನಷ್ಟವೆಂದು ಕಣ್ಣುಮುಚ್ಚಿ ಒಪ್ಪಬಾರದು ಎಂಬುದು ತೀರ್ಪಿನ ತಿರುಳು. ದೇಶದ ಮೋಟಾರು ಅಪಘಾತ ನ್ಯಾಯಮಂಡಳಿಗಳು ಇಂದಿಗೂ ಇದನ್ನೇ ಅನುಸರಿಸುತ್ತವೆ. ಮಾಸಾಶನದ ಅರ್ಜಿ ಹಿಡಿದು ನಾಡಕಚೇರಿಗೆ ಹೋದವರಿಗೆ ಮಾತ್ರ ಈ ವಿವೇಕದ ಲಾಭ ಸಿಗುವುದಿಲ್ಲ. ಅಲ್ಲಿ ಅಡಿಕೆ ಸುಲಿಯುವವಳ ಕೈಗೂ ಮೇಷ್ಟರ ಕೈಗೂ ಒಂದೇ ಅಂಕಿ.

1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿತ್ತು. ಅದರ ಜಾಗಕ್ಕೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಪಟ್ಟಿ 21ಕ್ಕೆ ಬೆಳೆಯಿತು. ಆಸಿಡ್ ದಾಳಿಗೆ ತುತ್ತಾದವರು, ಥಲಸ್ಸೀಮಿಯಾ, ಕುಬ್ಜತೆ, ಆಟಿಸಂ, ಪಾರ್ಕಿನ್ಸನ್ ಕಾಯಿಲೆಯವರೆಲ್ಲ ಸೇರಿದರು. ಅಳೆಯುವ ಕ್ರಮ ಒಂದೊಂದಕ್ಕೂ ಬೇರೆ. ಎರಡೂ ಕಿವಿಯಲ್ಲಿ 70 ಡೆಸಿಬಲ್ ಶ್ರವಣನಷ್ಟವಿದ್ದರೆ ಕಿವುಡು, 60ರಿಂದ 70ರೊಳಗಿದ್ದರೆ ಮಂದಶ್ರವಣ. ಆಟಿಸಂಗೆ 40 ಅಂಶಗಳ ಭಾರತೀಯ ಮಾಪನವಿದೆ. ಬೌದ್ಧಿಕ ವೈಕಲ್ಯದಲ್ಲಿ ಸೌಮ್ಯ ಎಂದಾದರೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90 ಎಂದು ಮೊದಲೇ ಗೊತ್ತುಮಾಡಲಾಗಿದೆ. ಒಬ್ಬರಿಗೆ ಎರಡು ಬಗೆಯ ವೈಕಲ್ಯವಿದ್ದರೆ ನೇರವಾಗಿ ಕೂಡುವಂತಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಸೇರಿಸಬೇಕು. ಹೀಗೆ 50 ಮತ್ತು 30 ಸೇರಿ 80 ಆಗುವುದಿಲ್ಲ, 63 ಆಗುತ್ತದೆ. ಅಂದರೆ 75ರ ಗೆರೆಯ ಕೆಳಗೆ ನಿಲ್ಲುತ್ತದೆ.

ತೀರ್ಥಹಳ್ಳಿಯಲ್ಲಿ ಕಂಡದ್ದು

ಕಣ್ಣು, ಕಿವಿ, ಕೀಲುಗಳನ್ನು ಉಪಕರಣ ಹಿಡಿದು ಅಳೆಯಬಹುದು. ಮನಸ್ಸಿನ ಕಾಯಿಲೆ ಒಬ್ಬರ ಬದುಕನ್ನು ಎಷ್ಟು ಕುಗ್ಗಿಸಿದೆ ಎಂಬುದನ್ನು ಹಾಗೆ ಅಳೆಯಲಾಗದು. ಇದಕ್ಕಾಗಿ ಭಾರತೀಯ ಮನೋವೈದ್ಯಕೀಯ ಸಂಘ ‘ಐಡಿಯಾಸ್’ ಎಂಬ ಮಾಪನವನ್ನು ರೂಪಿಸಿತು. ತನ್ನ ಆರೈಕೆ ತಾನೇ ಮಾಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಇನ್ನು ಗರಿಷ್ಠ ನಾಲ್ಕು. ಒಟ್ಟು 20ರಲ್ಲಿ 7 ಬಂದರೆ ಶೇ 40ರ ಗೆರೆ ಮುಟ್ಟಿದಂತೆ.

ಈ ಮಾಪನವನ್ನು ಹಳ್ಳಿಯ ಬದುಕಿಗೆ ಹಿಡಿದು ನೋಡಿದ ಮಹತ್ವದ ಕೆಲಸ ಶಿವಮೊಗ್ಗ ಜಿಲ್ಲೆಯಲ್ಲೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್, ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2005ರ ಹೊತ್ತಿಗೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸಮುದಾಯ ಕಾರ್ಯಕ್ರಮವೊಂದನ್ನು ಆರಂಭಿಸಿದರು. ಆರೋಗ್ಯ ಕಾರ್ಯಕರ್ತೆಯರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರುಗಳಲ್ಲೇ ಗುರುತಿಸಿದರು. ಮದ್ದು ಕಾಣದೆ ಇದ್ದವರು ಅವರಲ್ಲಿ ಅನೇಕರಿದ್ದರು. ಇನ್ನೂರರ ಆಸುಪಾಸಿನ ಜನರನ್ನು ಐಡಿಯಾಸ್ ಮಾಪನದಿಂದ ಅಳೆದು, ವರ್ಷದ ನಂತರ ಮತ್ತೆ ಅಳೆದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಮತ್ತು ಹೊಸದಾಗಿ ಆರಂಭಿಸಿದವರಲ್ಲಿ ವೈಕಲ್ಯದ ಅಂಕ ಇಳಿದಿತ್ತು. ಚಿಕಿತ್ಸೆ ಇಲ್ಲದವರಲ್ಲಿ ಇದ್ದಲ್ಲೇ ಇತ್ತು.

ಆಗುಂಬೆಯ ಘಟ್ಟದ ನೆತ್ತಿಯಿಂದ ತುಂಗೆಯ ದಡದವರೆಗೆ ಒಂಟಿ ಮನೆಗಳೇ ಹೆಚ್ಚಿರುವ ತಾಲ್ಲೂಕಿನಲ್ಲಿ ಇದನ್ನು ಸಾಧಿಸಿದ್ದು ಸಣ್ಣ ಮಾತಲ್ಲ. ಮನೆಯಿಂದ ಡಾಂಬರು ರಸ್ತೆಗೆ ಬರಲು ಅಡಿಕೆ ತೋಟ ಇಳಿದು ಕಾಲುಸಂಕ ದಾಟಬೇಕಾದ ಕಡೆ, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗುವುದು ಕಾಯಿಲೆಯವರಿಗಿರಲಿ ಗಟ್ಟಿ ಆಳಿಗೂ ಕಷ್ಟ. ವೈಕಲ್ಯ ಎಂಬುದು ಮೆದುಳಿನಲ್ಲಿ ಎಷ್ಟಿದೆಯೋ ಸಂಕದ ಮೇಲೂ ಅಷ್ಟೇ ಇದೆ ಎಂಬುದು ಇಂಥ ಕಡೆ ಅರಿವಾಗುತ್ತದೆ. ಜೊತೆಗೇ ಒಂದು ಇಕ್ಕಟ್ಟೂ ಕಾಣಿಸುತ್ತದೆ. ಚಿಕಿತ್ಸೆಯಿಂದ ಅಂಕ 7ಕ್ಕಿಂತ ಕೆಳಗಿಳಿದರೆ ಆ ವ್ಯಕ್ತಿ ನಿಯಮದ ಪ್ರಕಾರ ಮಾಸಾಶನಕ್ಕೆ ಅರ್ಹರಲ್ಲ. ಅಂಕ ಇಳಿಸಿದ ಔಷಧಿ ಮುಂದುವರಿಯಲು, ಪೇಟೆಗೆ ಬಂದುಹೋಗಲು ಆ ಹಣವೇ ಬೇಕಿರಬಹುದು. ಗುಣವಾಗುವುದಕ್ಕೆ ದಂಡ ತೆರಬೇಕಾದ ಈ ಏರ್ಪಾಡು ತಪ್ಪು; ಅದನ್ನು ತಿದ್ದಬೇಕಾದವರು ನಿಯಮ ಮಾಡುವವರೇ.

ಹಂದಿಗೋಡು

ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರು ವೈದ್ಯಕೀಯ ಗ್ರಂಥಗಳಲ್ಲಿ ಹೆಸರು ಪಡೆದದ್ದು ಒಂದು ನೋವಿನಿಂದ. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು, ನಡಿಗೆ ಕುಂಟಾಗಿ, ಕೆಲವರು ತೀರಾ ಕುಳ್ಳಗಾಗಿ ಉಳಿಯುವ ಕಾಯಿಲೆ ಗಮನಕ್ಕೆ ಬಂತು. ಮೊದಮೊದಲು ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ದೇಹ ಸೇರಿರಬೇಕು ಎಂಬ ಅನುಮಾನವಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಪರಿಶೀಲಿಸಿದವು. 1990ರ ದಶಕದ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಕಾಯಿಲೆ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು ಎಂದು ತೋರಿಸಿದವು. ಶಿವಮೊಗ್ಗ ಜಿಲ್ಲೆಯ ಜೊತೆಗೆ ಚಿಕ್ಕಮಗಳೂರಿನ ಕೆಲವು ಊರುಗಳಲ್ಲೂ ಇದು ಕಂಡುಬಂದಿದೆ.

ಅಳತೆಯ ದೃಷ್ಟಿಯಿಂದ ಹಂದಿಗೋಡು ಕಠಿಣ ಪ್ರಕರಣ. ಈ ಕಾಯಿಲೆಯಲ್ಲಿ ಮೂರು ಬಗೆಗಳನ್ನು ಗುರುತಿಸಿದ್ದಾರೆ. ಮೂರನೆಯದರಲ್ಲಿ ದೇಹ ಕುಬ್ಜವಾಗುತ್ತದೆ. 2016ರ ಕಾಯ್ದೆ ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕುಬ್ಜತೆ ಎನ್ನುವುದರಿಂದ ಅವರಿಗೆ ಹೆಸರು ಸಿಕ್ಕಿತು. ಮೊದಲನೆಯ ಬಗೆಯಲ್ಲಿ ಎತ್ತರ ಹೆಚ್ಚುಕಡಿಮೆ ಎಲ್ಲರಂತೆ, ತೊಂದರೆ ಇರುವುದು ಕೀಲುಗಳಲ್ಲಿ. ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಅಳೆಯಬಹುದು. ನಾಟಿಯ ದಿನ ಎಂಟು ತಾಸು ಬಗ್ಗಿ ನಿಂತಾಗ ಎಷ್ಟು ನೋಯುತ್ತದೆ, ಆ ನೋವಿನಿಂದ ಎಷ್ಟು ದಿನದ ಕೂಲಿ ಹೋಯಿತು ಎಂದು ಬರೆಯಲು ಪ್ರಮಾಣಪತ್ರದಲ್ಲಿ ಕಲಮೇ ಇಲ್ಲ. ಭೂಮಿಯಿಲ್ಲದ ಮನೆಯಲ್ಲಿ ದುಡಿಯುವ ಮೂರು ಜನರಿಗೂ ಕಾಯಿಲೆ ಇದ್ದರೆ, ಮೂವರ ಶೇಕಡಾವನ್ನು ಬಿಡಿಬಿಡಿಯಾಗಿ ನೋಡುವುದರಿಂದ ಆ ಮನೆಯ ಸ್ಥಿತಿ ತಿಳಿಯುವುದಿಲ್ಲ.

ಇಡೀ ಊರಿನ ಸಂಕಟವನ್ನು ಅಳೆಯುವ ಪ್ರಶ್ನೆ ಗಡಿಯಾಚೆ ಕೇರಳದ ಕಾಸರಗೋಡಿನಲ್ಲಿ ಇನ್ನೊಂದು ರೂಪದಲ್ಲಿ ಎದ್ದಿತು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ ಮುಂತಾದ, ಕನ್ನಡ ಮತ್ತು ತುಳು ಮಾತಾಡುವ ಊರುಗಳ ಸಂಕಟವನ್ನು ಪತ್ರಕರ್ತ ಶ್ರೀಪಡ್ರೆ ಮತ್ತು ವೈದ್ಯ ವೈ.ಎಸ್. ಮೋಹನ್ ಕುಮಾರ್ ಹೊರಜಗತ್ತಿಗೆ ತಿಳಿಸಿದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆದೇಶ ಪಾಲನೆಯಾಗಲಿಲ್ಲವೆಂದು ಸಂತ್ರಸ್ತರು ಮತ್ತೆ ಅದೇ ಕೋರ್ಟಿನ ಮೆಟ್ಟಿಲೇರಬೇಕಾಯಿತು.

ಬದುಕುವವರನ್ನೇ ಕೇಳುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಬದುಕಿನ ಗುಣಮಟ್ಟದ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿತು. ಜಗತ್ತಿನ ಹಲವು ಕೇಂದ್ರಗಳಲ್ಲಿ ಏಕಕಾಲಕ್ಕೆ ನಡೆದ ಆ ಕೆಲಸದಲ್ಲಿ ದೆಹಲಿ ಮತ್ತು ಚೆನ್ನೈ ಸೇರಿದ್ದವು. ಅದರ 26 ಪ್ರಶ್ನೆಗಳ ಕಿರುರೂಪ ಕನ್ನಡದಲ್ಲೂ ಬಳಕೆಯಲ್ಲಿದೆ. ದೇಹ, ಮನಸ್ಸು, ಸಂಬಂಧ, ಪರಿಸರ ಎಂಬ ನಾಲ್ಕು ವಲಯಗಳು. ಕಳೆದ ಎರಡು ವಾರದ ಅನುಭವದ ಮೇಲೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ನೋವು ಕೆಲಸಕ್ಕೆ ಅಡ್ಡಬರುತ್ತದೆಯೇ, ನಿದ್ದೆ ಬರುತ್ತದೆಯೇ, ಓಡಾಟದ ಸೌಕರ್ಯ ತೃಪ್ತಿ ತಂದಿದೆಯೇ, ಕೈಯಲ್ಲಿ ಸಾಕಷ್ಟು ಹಣವಿದೆಯೇ, ಬಿಡುವಿಗೆ ಅವಕಾಶವಿದೆಯೇ ಎಂಬಂಥ ಪ್ರಶ್ನೆಗಳು. ವೈದ್ಯರ ಚೀಟಿಯಲ್ಲಿ ಎಲ್ಲೂ ಬಾರದ ಸಂಗತಿಗಳು ಇಲ್ಲಿ ಬರುತ್ತವೆ.

ಕೇಳಿದರೆ ಬರುವ ಉತ್ತರ ಹಲವರನ್ನು ಅಚ್ಚರಿಗೊಳಿಸಿದೆ. ಅಮೆರಿಕದ ಗ್ಯಾರಿ ಆಲ್‌ಬ್ರೆಕ್ಟ್ ಮತ್ತು ಬೆಲ್ಜಿಯಂನ ಪ್ಯಾಟ್ರಿಕ್ ಡೆವ್ಲೀಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಗವೈಕಲ್ಯವಿರುವ 153 ಜನರೊಂದಿಗೆ ಮಾತಾಡಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬದುಕು ಚೆನ್ನಾಗಿದೆ ಅಥವಾ ತುಂಬಾ ಚೆನ್ನಾಗಿದೆ ಎಂದರು. ಹೊರಗಿನಿಂದ ನೋಡುವವರು ಇವರದು ನರಳಾಟದ ಬದುಕೆಂದು ಭಾವಿಸಿರುತ್ತಾರೆ. ಕಾಯಿಲೆ ಮತ್ತು ವೈಕಲ್ಯದ ಹೊರೆಯನ್ನು ಕಳೆದುಹೋದ ವರ್ಷಗಳಾಗಿ ಲೆಕ್ಕಹಾಕುವ ಜಾಗತಿಕ ವಿಧಾನದಲ್ಲಿ ಆರಂಭದಲ್ಲಿ ಪ್ರತಿಯೊಂದು ವೈಕಲ್ಯಕ್ಕೂ ತೂಕ ಕಟ್ಟಿದವರು ಆರೋಗ್ಯ ತಜ್ಞರು. ಅದನ್ನು ಅನುಭವಿಸುವವರ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಹಕ್ಕುಗಳ ಚಳವಳಿ ಈ ಲೆಕ್ಕವನ್ನು ಗಟ್ಟಿಯಾಗಿ ವಿರೋಧಿಸಿದ್ದು ಸರಿಯಾಗಿಯೇ ಇದೆ.

ಹಾಗೆಂದು ತೃಪ್ತಿಯೊಂದನ್ನೇ ನಂಬುವಂತಿಲ್ಲ. ಬಾಲ್ಯದಿಂದ ಮನೆಯೊಳಗೇ ಇದ್ದವರು, ಹೊರಗೆ ಹೋಗುವ ಆಸೆಯನ್ನೇ ಬಿಟ್ಟವರು ‘ನನಗೇನು ಕಮ್ಮಿ?’ ಎಂದು ಹೇಳಿಯಾರು. ಆಸೆ ಕುಗ್ಗಿದಾಗ ತೃಪ್ತಿಯ ಅಂಕ ಏರುತ್ತದೆ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎಚ್ಚರಿಸಿದ್ದು ಇದನ್ನೇ. ಅವರು ಇನ್ನೂ ಒಂದು ಮಾತು ಹೇಳುತ್ತಾರೆ: ಅಂಗವೈಕಲ್ಯ ದುಡಿಮೆಯನ್ನು ಕಡಿಮೆ ಮಾಡುವುದರ ಜೊತೆಗೆ, ದುಡಿದ ಹಣವನ್ನು ಬದುಕಾಗಿ ಪರಿವರ್ತಿಸುವುದನ್ನೂ ಕಷ್ಟಗೊಳಿಸುತ್ತದೆ. ಎಲ್ಲರೂ ಬಸ್ಸಿನಲ್ಲಿ ಹೋಗುವ ಕಡೆ ಇವರಿಗೆ ಆಟೊ ಬೇಕು, ಜೊತೆಗೊಬ್ಬರು ಬೇಕು, ಆ ಒಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಬ್ರಿಟನ್ನಿನ ಅಂಕಿಅಂಶಗಳನ್ನು ಪರಿಶೀಲಿಸಿದ ವೀಬ್ಕೆ ಕುಕ್ಲಿಸ್ ಅವರ ಅಧ್ಯಯನವನ್ನು ಸೇನ್ ಉಲ್ಲೇಖಿಸುತ್ತಾರೆ. ಒಟ್ಟು ಜನರಲ್ಲಿ ಬಡತನ ಶೇ 17.9, ಅಂಗವಿಕಲ ಸದಸ್ಯರಿರುವ ಕುಟುಂಬಗಳಲ್ಲಿ 23.1. ಈ ಹೆಚ್ಚುವರಿ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದು 47.4ಕ್ಕೆ ಏರಿತು.

ಅಮೆರಿಕದ ರಾಬರ್ಟ್ ಶಾಲಾಕ್ ಬೌದ್ಧಿಕ ವೈಕಲ್ಯವಿರುವವರಿಗಾಗಿ ಎಂಟು ವಲಯಗಳ ಚೌಕಟ್ಟನ್ನು ರೂಪಿಸಿದರು. ಮನಸ್ಸಿನ ನೆಮ್ಮದಿ, ಸಂಬಂಧ, ಆರ್ಥಿಕ ಸ್ಥಿತಿ, ಬೆಳವಣಿಗೆ, ಆರೋಗ್ಯದ ಸಾಲಿನಲ್ಲೇ ಸ್ವನಿರ್ಧಾರ, ಸಮಾಜದಲ್ಲಿ ಬೆರೆಯುವಿಕೆ ಮತ್ತು ಹಕ್ಕುಗಳನ್ನೂ ಇಟ್ಟದ್ದು ಅದರ ಹೆಚ್ಚುಗಾರಿಕೆ. ಇಂದು ಯಾವ ಅಂಗಿ ತೊಡಬೇಕೆಂದು ಯಾರು ತೀರ್ಮಾನಿಸಿದರು ಎಂಬುದೂ ಬದುಕಿನ ಗುಣಮಟ್ಟದ ಪ್ರಶ್ನೆಯಾಯಿತು. ಇಲ್ಲಿನ ದೊಡ್ಡ ತೊಡಕೆಂದರೆ ಉತ್ತರ ಹೇಳುವವರು ಯಾರು ಎಂಬುದು. ನಮ್ಮಲ್ಲಿ ‘ಅವನಿಗೇನು ಗೊತ್ತಾಗುತ್ತೆ, ನಾನೇ ಹೇಳ್ತೀನಿ’ ಎಂದು ಅಮ್ಮನೋ ಅಣ್ಣನೋ ಮುಂದೆ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಆದರೂ ಅದು ಅವರ ಉತ್ತರ. ಚಿತ್ರಗಳು, ನಗುವ ಅಳುವ ಮುಖಗಳು, ಸರಳ ಮಾತು ಬಳಸಿದರೆ ಅನೇಕರು ತಾವೇ ಉತ್ತರಿಸಬಲ್ಲರು.

ಬೇರೆ ರೀತಿಯಲ್ಲಿ ಅಳೆಯುವುದು ಸಾಧ್ಯ ಎಂಬುದಕ್ಕೆ ಕ್ರೀಡಾಂಗಣವೂ ಸಾಕ್ಷಿ. ಹಾಸನದಲ್ಲಿ ಹುಟ್ಟಿ, ಶಿವಮೊಗ್ಗದ ಡಿವಿಎಸ್ ಕಾಲೇಜಿನಲ್ಲಿ ಓದಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದದ್ದು ಎಸ್‌ಎಲ್4 ವಿಭಾಗದಲ್ಲಿ. ಅಲ್ಲಿ ಕೇಳುವುದು ಕಾಲಿನ ಕೊರತೆ ಆಟದ ಓಟ, ತಿರುವು, ಸಮತೋಲನಗಳನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ಹೆಚ್ಚು ತಡೆಯುವ ಎಸ್‌ಎಲ್3 ವಿಭಾಗದ ಸಿಂಗಲ್ಸ್ ಆಟ ಅರ್ಧ ಅಂಕಣದಲ್ಲಿ ನಡೆಯುತ್ತದೆ, ಎಸ್‌ಎಲ್4 ಪೂರ್ತಿ ಅಂಕಣದಲ್ಲಿ. ಅಂಕಣವನ್ನೇ ಆಟಗಾರನಿಗೆ ಹೊಂದಿಸುತ್ತಾರೆ. ಉದ್ಯೋಗ ಖಾತರಿಯಲ್ಲಿ ಅಂಗವಿಕಲರು ನಿಗದಿತ ಕೆಲಸದ ಅರ್ಧ ಮಾಡಿದರೂ ಪೂರ್ಣ ಕೂಲಿ ಕೊಡುವ ಕರ್ನಾಟಕದ ಕ್ರಮ ಇದೇ ಜಾಡಿನದು.

ಎಣಿಕೆ

ಬ್ರಿಟಿಷರ ಕಾಲದ ಜನಗಣತಿಗಳು 1931ರವರೆಗೆ ಕುರುಡರು, ಕಿವುಡ-ಮೂಗರು, ಬುದ್ಧಿಭ್ರಮೆಯವರು, ಕುಷ್ಠರೋಗಿಗಳನ್ನು ಎಣಿಸುತ್ತಿದ್ದವು. ಸ್ವತಂತ್ರ ಭಾರತ ಮೊದಲ ಸಲ ಎಣಿಸಿದ್ದು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾದ 1981ರಲ್ಲಿ. ‘ಪೂರ್ತಿ ಕುರುಡರು’ ಎಂಬಂಥ ಬಿಗಿಯಾದ ಮೂರೇ ವರ್ಗಗಳಿದ್ದುದರಿಂದ ಇಡೀ ದೇಶದಲ್ಲಿ ಸಿಕ್ಕವರು ಸುಮಾರು 11 ಲಕ್ಷ. 1991ರಲ್ಲಿ ಪ್ರಶ್ನೆಯೇ ಇರಲಿಲ್ಲ. ಅಂಗವಿಕಲರ ಹಕ್ಕುಗಳಿಗಾಗಿ ದುಡಿದ ಜಾವೇದ್ ಅಬಿದಿ ಮುಂತಾದವರ ಹೋರಾಟದಿಂದ 2001ರಲ್ಲಿ ಮತ್ತೆ ಸೇರಿದಾಗ 2.19 ಕೋಟಿ, 2011ರಲ್ಲಿ 2.68 ಕೋಟಿ. 2011ರ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ, ಅಂದರೆ ಜನಸಂಖ್ಯೆಯ ಶೇ 2.17.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಜಗತ್ತಿನ ಶೇ 16 ಜನರಿಗೆ ಗಣನೀಯ ಅಂಗವೈಕಲ್ಯವಿದೆ ಎನ್ನುತ್ತದೆ. ಭಾರತದಲ್ಲಿ ಅದರ ಏಳನೇ ಒಂದು ಭಾಗ ಮಾತ್ರ ಏಕೆ? ದೊಡ್ಡ ಕಾರಣ ಪ್ರಶ್ನೆ ಕೇಳುವ ರೀತಿ. ‘ಮನೆಯಲ್ಲಿ ಅಂಗವಿಕಲರು ಇದ್ದಾರೆಯೇ?’ ಎಂದರೆ, ಮದುವೆಗೆ ಬಂದ ಮಗಳಿರುವ ಮನೆಯವರು ಇಲ್ಲವೆಂದಾರು. ಮಂಡಿನೋವಿನ ಅಜ್ಜಿಯನ್ನು ಯಾರೂ ಅಂಗವಿಕಲೆ ಎಂದುಕೊಳ್ಳುವುದಿಲ್ಲ. ವಿಶ್ವಸಂಸ್ಥೆಯಡಿ 2001ರಲ್ಲಿ ಆರಂಭವಾದ ವಾಷಿಂಗ್ಟನ್ ಗುಂಪು ಇದಕ್ಕೆ ಬೇರೆ ಉಪಾಯ ಹುಡುಕಿತು. ನೋಡಲು, ಕೇಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಡಲು, ಸ್ನಾನ ಮಾಡಿ ಬಟ್ಟೆ ತೊಡಲು, ಇನ್ನೊಬ್ಬರಿಗೆ ತಿಳಿಸಿ ಹೇಳಲು ಕಷ್ಟವಾಗುತ್ತದೆಯೇ ಎಂದು ಆರು ಪ್ರಶ್ನೆ. ಕಷ್ಟವಿಲ್ಲ, ಸ್ವಲ್ಪ, ತುಂಬಾ, ಆಗುವುದೇ ಇಲ್ಲ ಎಂದು ನಾಲ್ಕು ಉತ್ತರ. ಅಂಗವೈಕಲ್ಯ ಎಂಬ ಪದ ಎಲ್ಲೂ ಬರುವುದಿಲ್ಲ.

ಎಣಿಕೆಗಿಂತ ಮುಂದೆ ಹೋಗಿ ಬದುಕಿನ ಸ್ಥಿತಿ ತಿಳಿಸುವುದು ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ಅದರ ಪ್ರಕಾರ ಅಂಗವೈಕಲ್ಯವಿರುವವರಲ್ಲಿ ಅಕ್ಷರಸ್ಥರು ಶೇ 52.2. ಹದಿನೈದು ದಾಟಿದವರಲ್ಲಿ ದುಡಿಮೆಯಲ್ಲಿರುವ ಅಥವಾ ದುಡಿಮೆ ಹುಡುಕುತ್ತಿರುವವರು 23.8, ದೇಶದ ಒಟ್ಟು ಜನರಲ್ಲಿ ಈ ಪ್ರಮಾಣ ಆಗ ಸುಮಾರು 50. ಪ್ರಮಾಣಪತ್ರ ಇದ್ದದ್ದು 28.8ರಷ್ಟು ಜನರ ಬಳಿ. ಸರ್ಕಾರದಿಂದ ಯಾವುದಾದರೂ ನೆರವು ಪಡೆದವರು 21.8. ನೂರರಲ್ಲಿ ಎಪ್ಪತ್ತು ಜನರಿಗೆ ಶೇಕಡಾ ಬರೆದ ಆ ಕಾಗದವೇ ಇಲ್ಲದಿರುವಾಗ, ಕಾಗದದ ಮೇಲೆ ಕಟ್ಟಿದ ಸವಲತ್ತುಗಳು ಎಷ್ಟು ದೂರ ಹೋದಾವು?

ಹಕ್ಕನ್ನು ಅಳೆಯುವುದು

ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ 2006ರ ಡಿಸೆಂಬರ್ 13ರಂದು ಅಂಗೀಕಾರವಾಯಿತು. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಸ್ಥಿರೀಕರಿಸಿತು. ಅಂಕಿಅಂಶ ಸಂಗ್ರಹಿಸುವುದನ್ನೇ ಸರ್ಕಾರಗಳ ಹೊಣೆಯನ್ನಾಗಿ ಮಾಡಿದ್ದು ಅದರ 31ನೇ ವಿಧಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಇದಕ್ಕೆ ಮೂರು ಹಂತದ ಸೂಚಕಗಳನ್ನು ಕೊಟ್ಟಿದೆ. ಕಾನೂನು ಇದೆಯೇ, ಅದನ್ನು ಜಾರಿಮಾಡಲು ಹಣ ಮತ್ತು ಕೆಲಸ ನಡೆದಿದೆಯೇ, ಕೊನೆಗೆ ಜನರ ಬದುಕಿನಲ್ಲಿ ಏನು ಬದಲಾಯಿತು?

ಶಿವಮೊಗ್ಗದ ವಿದ್ಯಾನಗರವನ್ನೇ ತೆಗೆದುಕೊಂಡು ನೋಡಬಹುದು. ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ಕಡೆಗೆ ಹೋಗುವಾಗ ಸಿಗುವ ಬಡಾವಣೆ ಇದು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ನಗರದ ಭಾಗ. ಇಳಿಜಾರು ದಾರಿಯ ಪ್ರಮಾಣ ಒಂದಕ್ಕೆ ಹನ್ನೆರಡು ಇರಬೇಕು ಎಂಬುದು ದೇಶದ ಮಾನದಂಡ. ಅಂದರೆ 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು ಬೇಕು. ಮಲೆನಾಡಿನ ರೂಢಿಯಂತೆ 45 ಸೆಂಟಿಮೀಟರ್ ಎತ್ತರಿಸಿದ ಅಂಗಡಿಗೆ 5.4 ಮೀಟರ್. ಅಂಗಡಿಗೂ ರಸ್ತೆಗೂ ನಡುವೆ ಮೋರಿ, ಅದರ ಮೇಲೊಂದು ಹಾಸುಗಲ್ಲು ಇರುವ ಕಡೆ ಅಷ್ಟು ಜಾಗವೆಲ್ಲಿ? ಎರಡು ಮೀಟರಿನಲ್ಲಿ ಕಡಿದಾಗಿ ಸಿಮೆಂಟು ಸುರಿದರೆ ಕಡತದಲ್ಲಿ ‘ರ‍್ಯಾಂಪ್ ಇದೆ’ ಎಂದಾಗುತ್ತದೆ. ವೀಲ್‌ಚೇರ್ ಮಾತ್ರ ಹತ್ತುವುದಿಲ್ಲ. ಬಸ್ಸಿನ ವಿಷಯವೂ ಹೀಗೆಯೇ. ಕೆಎಸ್‌ಆರ್‌ಟಿಸಿ ವರ್ಷಕ್ಕೆ 660 ರೂಪಾಯಿಗೆ ನೂರು ಕಿಲೊಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸ್ ಕೊಡುತ್ತದೆ, ಒಳ್ಳೆಯ ಯೋಜನೆ. ವಿದ್ಯಾನಗರದಿಂದ ಭದ್ರಾವತಿಗೆ ಆ ಪಾಸಿನಲ್ಲಿ ಧಾರಾಳವಾಗಿ ಹೋಗಿಬರಬಹುದು. ಆದರೆ ಸಾಮಾನ್ಯ ಬಸ್ಸಿನ ನೆಲ ರಸ್ತೆಯಿಂದ 900 ಮಿಲಿಮೀಟರಿಗಿಂತ ಮೇಲಿರುತ್ತದೆ. ತಗ್ಗು ನೆಲದ ಬಸ್ಸಿನದು 400. ಎಷ್ಟು ಪಾಸ್ ಹಂಚಿದೆವು ಎಂಬುದರ ಪಕ್ಕದಲ್ಲೇ ಪಾಸ್ ಇದ್ದವರಲ್ಲಿ ಎಷ್ಟು ಜನ ಯಾರ ನೆರವೂ ಇಲ್ಲದೆ ಬಸ್ ಹತ್ತಿದರು ಎಂದೂ ಬರೆದಿಟ್ಟರೆ ಅದು ಹಕ್ಕಿನ ಅಳತೆ.

2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟಿದ್ದ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಸಾರಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸಲು ಹೇಳಿತು. ಶೇ 40ರ ಗೆರೆಯೂ ಸಡಿಲಗೊಳ್ಳುತ್ತಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ 2021ರಲ್ಲಿ ಕೋರ್ಟು, 40 ಇಲ್ಲದಿದ್ದರೂ ಪರೀಕ್ಷೆಗೆ ಲಿಪಿಕಾರರನ್ನು ಪಡೆಯುವ ಹಕ್ಕಿದೆ ಎಂದಿತು. 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೋಂಡ್ ಪ್ರಕರಣದಲ್ಲಿ, ಶೇಕಡಾ ಒಂದನ್ನೇ ನೋಡಿ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ, ಓದನ್ನು ಪೂರೈಸಬಲ್ಲರೇ ಎಂದು ವೈಕಲ್ಯ ಅಳೆಯುವ ಮಂಡಳಿ ಪರಿಶೀಲಿಸಬೇಕು ಎಂದಿತು.

ಹಳ್ಳಿಯ ಮಟ್ಟದಲ್ಲಿ ಈ ಎಲ್ಲ ಅಳತೆಗಳನ್ನೂ ಕೈಗೆತ್ತಿಕೊಳ್ಳಬಲ್ಲವರು ಕರ್ನಾಟಕದಲ್ಲಿ ಈಗಾಗಲೇ ಇದ್ದಾರೆ. ಅವರು ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಕಾರ್ಯಕರ್ತರು, ನಗರಗಳ ಪುನರ್ವಸತಿ ಕಾರ್ಯಕರ್ತರು. ಗ್ರಾಮೀಣ ಕಾರ್ಯಕರ್ತರು ಸ್ವತಃ ಅಂಗವೈಕಲ್ಯವಿರುವವರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಕಾರ್ಡು ಬಂದಿಲ್ಲ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಅವರಿಗೆ ಗೊತ್ತು. ಈಗ ಅವರ ಹೆಚ್ಚಿನ ಹೊತ್ತು ಅರ್ಜಿ ತುಂಬುವುದರಲ್ಲಿ ಹೋಗುತ್ತದೆ. ಗೌರವಧನದ ಮೇಲೆ ದುಡಿಯುವ ಇವರಿಗೆ ಯೋಗ್ಯ ಸಂಬಳ ಕೊಟ್ಟು, ವಾಷಿಂಗ್ಟನ್ ಗುಂಪಿನ ಆರು ಪ್ರಶ್ನೆಗಳಲ್ಲೂ ಬದುಕಿನ ಗುಣಮಟ್ಟದ 26 ಪ್ರಶ್ನೆಗಳಲ್ಲೂ ತರಬೇತಿ ಕೊಟ್ಟರೆ, ಒಂದೇ ವರ್ಷದಲ್ಲಿ ಶಿವಮೊಗ್ಗ ಜಿಲ್ಲೆಯ ಸ್ಥಿತಿ ಏನೆಂಬುದು ಯಾವ ದೆಹಲಿಯ ವರದಿಗಿಂತಲೂ ಸ್ಪಷ್ಟವಾಗಿ ತಿಳಿದೀತು.

ಮುಂದಿನ ಜನಗಣತಿಯ ಜನಸಂಖ್ಯಾ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಗಣತಿದಾರರು ಬಂದಾಗ ಮನೆಯಲ್ಲಿರುವ ಅಂಗವೈಕಲ್ಯವನ್ನು ಮನೆಮಂದಿ ಮುಚ್ಚಿಡಬಾರದು. ಸಾಧ್ಯವಿದ್ದಲ್ಲೆಲ್ಲ ಅದಕ್ಕೆ ಸಂಬಂಧಪಟ್ಟವರನ್ನೇ ಮುಂದೆ ಕೂರಿಸಿ, ಅವರ ಬಾಯಿಂದಲೇ ಉತ್ತರ ಬರುವಂತೆ ನೋಡಿಕೊಳ್ಳಬೇಕು.